ಸುಟ್ಟರೂ ಹೇಳದ ಎದೆ

ನಮ್ಮ ಕಡೆ ಮೈನೋವಿಗೆ ಮೊದಲ ಡಾಕ್ಟರು ಒಲೆ. ಸೊಂಟ ಹಿಡಿದರೆ ಶಾಖ, ಕಾಲು ಉಳುಕಿದರೆ ಶಾಖ, ಬಾಣಂತಿಗೆ ಶಾಖ, ಕೂಸಿನ ಹೊಟ್ಟೆನೋವಿಗೂ ಶಾಖ. ಹೆಂಚಿನ ಮೇಲೆ ಉಪ್ಪು ಹುರಿದು, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ನೋವಿದ್ದಲ್ಲಿ ಒತ್ತುತ್ತಾರೆ. ಸುಡುತ್ತದೆ ಅಂದ ಕೂಡಲೇ ತೆಗೆಯುತ್ತಾರೆ. ಅನ್ನದೆ ಸುಮ್ಮನಿದ್ದರೆ ಹಿತವಾಗಿದೆ ಎಂದು ಅರ್ಥ. ಈ ಲೆಕ್ಕ ಅಜ್ಜಿಯರ ಕಾಲದಿಂದ ಎಲ್ಲರ ಮನೆಯಲ್ಲೂ ನಡೆದು ಬಂದಿದೆ. ನಂದಗಡದ ಶಿವಬಸವ್ವನ ಮನೆಯಲ್ಲಿ ಅದು ತಪ್ಪಿತು.

ಶಿವಬಸವ್ವನ ಸೊಸೆ ಸಾವಂತ್ರವ್ವ. ಮಗ ಚನ್ನಬಸಯ್ಯನಿಗೆ ಖಾನಾಪುರದಲ್ಲಿ ಕಿರಾಣಿ ಅಂಗಡಿ. ಮೊಮ್ಮಗಳು ಸೃಷ್ಟಿ ಎರಡನೇ ಇಯತ್ತೆ. ಹೋದ ವರ್ಷ ಸಾವಂತ್ರವ್ವನ ಎಡಗಡೆಯ ಮೊಲೆಯಲ್ಲಿ ಕ್ಯಾನ್ಸರ್ ಕಂಡಿತು. ಬೆಳಗಾವಿಯ ದವಾಖಾನೆಯಲ್ಲಿ ಆ ಮೊಲೆಯನ್ನು ತೆಗೆದರು. ಅದೇ ಆಪರೇಷನ್ನಿನಲ್ಲಿ ಅವಳ ಹೊಟ್ಟೆಯ ಕೆಳಭಾಗದ ಚರ್ಮವನ್ನೂ ಕೊಬ್ಬನ್ನೂ ತಂದು ಅಲ್ಲಿ ಹೊಸ ಮೊಲೆ ಕಟ್ಟಿದರು. ಹೊರಗಿನ ವಸ್ತು ಒಂದೂ ಇಲ್ಲ, ಅವಳ ಮೈಯಿಂದ ಅವಳ ಮೈಗೆ. ಆಮೇಲೆ ಜನ ‘ಕರೆಂಟು ಕೊಡುವುದು’ ಅನ್ನುವ ವಿಕಿರಣ ಚಿಕಿತ್ಸೆ ನಡೆದು ಬೇಸಿಗೆಯಲ್ಲಿ ಮುಗಿಯಿತು.

ಮನೆಯವರು ಅಲ್ಲಿಗೆ ಎಲ್ಲಾ ಮುಗಿಯಿತು ಅಂದುಕೊಂಡರು. ಡಾಕ್ಟರು ಹಾಗೆ ಹೇಳಿರಲಿಲ್ಲ. “ದೀಪಾವಳಿ ಆದ ಮ್ಯಾಲೆ ಬರ್ರಿ. ಇನ್ನೊಂದು ಸಣ್ಣ ಆಪರೇಷನ್ ಮಾಡಿ ಆಕಾರ ಸರಿ ಮಾಡೂಣು,” ಅಂದಿದ್ದರು. ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು. ದೀಪಾವಳಿ ಹೋಯಿತು. ಕಾಡಿನ ಕಡೆಯಿಂದ ಚಳಿ ಇಳಿಯಿತು.

ಚಳಿಗೆ ಹೊಲಿಗೆ ಹಾಕಿದ ಜಾಗವೆಲ್ಲ ಜಗ್ಗುತ್ತದೆ ಎಂದು ಸಾವಂತ್ರವ್ವ ಒಂದು ಸಂಜೆ ಅಂದಳು. ಅತ್ತೆ ಕೂಡಲೇ ಹೆಂಚು ಇಟ್ಟರು. ಶಿವಬಸವ್ವನಿಗೆ ಸೊಸೆ ಎಂದರೆ ಜೀವ. ಆಪರೇಷನ್ ಆದಾಗಿನಿಂದ ಅವಳನ್ನು ಬಾಣಂತಿಯಂತೆ ನೋಡಿಕೊಂಡಿದ್ದರು. ಮೊದಲು ಹೊಟ್ಟೆಯ ಗಾಯದ ಮೇಲೆ ಬಿಸಿ ಗಂಟು ಇಟ್ಟರು.

“ಸಾಕ್ರಿ ಅತ್ತಿ, ಸುಡಾಕತ್ತೈತಿ.”

ತೆಗೆದು ಎದೆಯ ಮೇಲೆ ಇಟ್ಟರು. ಸಾವಂತ್ರವ್ವ ಏನೂ ಅನ್ನಲಿಲ್ಲ. ಅಲ್ಲಿ ಹಿತವಾಗಿದೆ ಎಂದು ಅತ್ತೆ ತಿಳಿದರು, ಇನ್ನಷ್ಟು ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಸಾವಂತ್ರವ್ವ ಮೂಗು ಅರಳಿಸಿದಳು.

“ಅತ್ತಿ, ಏನೋ ಸುಟ್ಟ ವಾಸ್ನಿ ಬರಾಕತ್ತೈತಿ.”

ಶಿವಬಸವ್ವ ಎದ್ದು ಅಡುಗೆಮನೆಗೆ ಹೋದರು. ಹೆಂಚು ಕೆಳಗಿಳಿದಿತ್ತು, ಹಾಲು ಉಕ್ಕಿರಲಿಲ್ಲ. ಜಗಲಿಯ ದೀಪ ನೋಡಿದರು. ಅದೂ ಸರಿಯಾಗಿತ್ತು. ವಾಸನೆ ಕೂದಲು ಸುಟ್ಟಂತಿತ್ತು. ಸಾವಂತ್ರವ್ವ ಪಡಸಾಲೆಗೆ ಬಂದರೆ ವಾಸನೆ ಪಡಸಾಲೆಗೆ ಬಂತು. ಹಿತ್ತಿಲಿಗೆ ಹೋದರೆ ಹಿತ್ತಿಲಿಗೂ ಬಂತು. ಅವಳ ಹಿಂದೆಯೇ ಯಾರೋ ತಿರುಗಾಡುತ್ತಿರುವ ಹಾಗೆ ಅನಿಸಿ ಅವಳು ಬೇಗ ಒಳಗೆ ಬಂದಳು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆಗೆ ನೀರು ಹಾಕುತ್ತಿದ್ದರು. ಎಡಗೈ ಇನ್ನೂ ಪೂರ್ತಿ ಮೇಲೆ ಏಳುತ್ತಿರಲಿಲ್ಲ, ಹಾಗಾಗಿ ದಿನವೂ ಅವರೇ ಹಾಕುವುದು. ಕಟ್ಟಿದ ಮೊಲೆಯ ಮೇಲೆ ಒಂದು ಗುರುತು ಕಂಡಿತು. ದುಂಡಗೆ, ಕಪ್ಪುಗೆಂಪು, ಅಂಚು ಯಾರೋ ಬರೆದಂತೆ ಸಾಫಾಗಿ ಇತ್ತು. ಅದರ ಸುತ್ತ ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೇ.

“ಇದೇನ ಇದು? ಬ್ಯಾನಿ ಆಗ್ತೈತೇನು?”

“ಯಾವುದ್ರಿ? ಏನೂ ಇಲ್ಲಲ್ಲ.”

ಶಿವಬಸವ್ವ ಬೆರಳಿಂದ ಮುಟ್ಟಿದರು. ಗುಳ್ಳೆ ಒಡೆದು ನೀರು ಸೋರಿತು. ಸಾವಂತ್ರವ್ವ ಬೇರೆ ಕಡೆ ನೋಡುತ್ತ ನಿಂತೇ ಇದ್ದಳು. ಅವಳ ಕೊರಳಲ್ಲಿ ಶಿವದಾರ, ಅದರ ತುದಿಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅತ್ತೆ ಅದನ್ನು ಎತ್ತಿ ಗುರುತಿನ ಮೇಲೆ ಇಟ್ಟರು. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲದೆ ಕರಡಿಗೆ ಆ ಗುರುತಿನೊಳಗೆ ಕೂತಿತು. ಅವರ ಕೈಯಿಂದ ತಂಬಿಗೆ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು.

ಸಂಜೆ ಅಂಗಡಿಯಿಂದ ಬಂದ ಮಗನಿಗೆ ಶಿವಬಸವ್ವ ಮೆಲ್ಲಗೆ ಹೇಳಿದರು.

“ಹೊಕ್ಕಳದ ಕೆಳಗಿನ ಮಾಂಸ ತಂದು ಲಿಂಗದ ಬುಡಕ ಇಟ್ಟಾರ. ಲಿಂಗ ಒಲ್ಲೆ ಅಂತ ಹೇಳೈತಿ. ಇನ್ನೊಮ್ಮಿ ಕತ್ತಿ ಹಚ್ಚಸೂದು ಬ್ಯಾಡಪಾ.”

ಚನ್ನಬಸಯ್ಯ ಹೆಂಡತಿಯ ಮುಖ ನೋಡಿದ. “ನಿನಗ ಹ್ಯಾಂಗ ಅನಸ್ತೈತಿ ಹಂಗ,” ಅಂದ. ಗಂಡಸರು ಇಂಥ ಮಾತಾಡಿ ಹಗುರಾಗುತ್ತಾರೆ, ಭಾರ ಹೆಂಗಸಿನ ತಲೆ ಮೇಲೆ ಬೀಳುತ್ತದೆ. ಅವನು ಕೆಟ್ಟವನಲ್ಲ, ಹೆದರಿದ್ದ.

ಸಾವಂತ್ರವ್ವ ಕರಡಿಗೆಯನ್ನು ಬಲಕ್ಕೆ ಸರಿಸಿಕೊಂಡಳು. ಹಾಗೆ ಸರಿಸುವಾಗಲೇ ಬೆರಳಿಗೆ ಏನೋ ತಡೆಯಿತು. ಗುರುತಿನ ಮೇಲ್ಗಡೆ, ಚರ್ಮದ ಒಳಗೆ, ಹುಣಸೆ ಬೀಜದಂಥ ಗಟ್ಟಿ ಗಂಟು. ಹೋದ ವರ್ಷವೂ ಶುರುವಾಗಿದ್ದು ಒಂದು ಗಂಟಿನಿಂದಲೇ. ಅವಳು ಸೆರಗು ಹೊದ್ದುಕೊಂಡು ಯಾರಿಗೂ ಹೇಳದೆ ರೊಟ್ಟಿ ಬಡಿಯಲು ಕೂತಳು.

ಇಲ್ಲಿಂದ ಮುಂದೆ ಅವಳಿಗೆ ತನ್ನ ಮೈಯ ಭಯ ಹಿಡಿಯಿತು. ಕನ್ನಡಿಯ ಮುಂದೆ ನಿಂತರೆ ಎಡಗಡೆಯದು ಮೇಲೆ ಕುಳಿ ಬಿದ್ದು, ಕೆಳಗೆ ಉಬ್ಬಿ, ಬೇರೆ ಯಾರದೋ ಮೈಯಿಂದ ಕಿತ್ತು ತಂದಂತೆ ಕಾಣುತ್ತಿತ್ತು. ಹಬ್ಬದ ಹೋಳಿಗೆ ಉಂಡು ಮೈ ಬಂದಾಗ ಅದು ಬೆಳೆದಿತ್ತು, ಬಲಗಡೆಯದು ಹಾಗೇ ಇತ್ತು. ಕೈ ಇಟ್ಟರೆ ಕೈಗೆ ಎದೆ ತಿಳಿಯುತ್ತಿತ್ತು, ಎದೆಗೆ ಕೈ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಜು ಮನೆಯ ಕೂಸು ಅತ್ತಿತು. ಸಾವಂತ್ರವ್ವ ಹಿತ್ತಿಲಲ್ಲಿ ಅರಿವೆ ಒಣಗಿಸುತ್ತಿದ್ದಳು. ಅವಳ ಎಡಗಡೆ ಹಾಲು ಇಳಿದಂತಾಯಿತು. ಸೃಷ್ಟಿ ಕೂಸಾಗಿದ್ದಾಗ ಆಗುತ್ತಿದ್ದ ಅದೇ ಜುಮ್ಮು, ಅದೇ ಬಿಗಿತ. ಗಾಬರಿಯಿಂದ ಕುಪ್ಪಸ ಮುಟ್ಟಿ ನೋಡಿದಳು. ಒಣಗಿತ್ತು. ಹಾಲು ಕೊಟ್ಟಿದ್ದ ಆ ಮೊಲೆಯನ್ನು ಕೊಯ್ದು ತೆಗೆದು ಎಷ್ಟೋ ತಿಂಗಳಾಗಿದ್ದವು. ಇಲ್ಲದ ಮೊಲೆಗೆ ಹಾಲು ಇಳಿಯಿತು ಎಂದು ಯಾರ ಮುಂದೆ ಹೇಳುವುದು?

ಭಾನುವಾರ ಉಂಡು ಮಲಗಿದಾಗ ಸೃಷ್ಟಿ ಅವ್ವನ ಎಡಕ್ಕೆ ಬಂದು ಒರಗಿದಳು. ಆಮೇಲೆ ಎದ್ದು ಕೂತಳು.

“ಅವ್ವಾ, ಈ ಬಾಜು ತಣ್ಣಗೈತಿ. ಇಲ್ಲೆ ಬ್ಯಾರೆ ಯಾರೋ ಅದಾರ.”

ಹಾಗಂದು ಹೋಗಿ ಅಜ್ಜಿಯ ಹತ್ತಿರ ಮಲಗಿದಳು. ಸಾವಂತ್ರವ್ವ ಗೋಡೆಯ ಕಡೆ ತಿರುಗಿದಳು. ಕ್ಯಾನ್ಸರ್ ಎಂದು ಕೇಳಿದ ದಿನ ಅಳದವಳು ಅಂದು ಅತ್ತಳು.

ಇಷ್ಟು ಸಾಲದು ಎಂಬಂತೆ ಹಿಂದಿನ ಓಣಿಯ ಕಾಡವ್ವ ಬಂದಳು. ಕಾಡವ್ವ ಕಷ್ಟಕ್ಕೆ ಓಡಿ ಬರುವ ಹೆಂಗಸು, ಆದರೆ ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವಳ ಬಾಯಲ್ಲಿ ಎಂದೂ ಬಂದಿಲ್ಲ. ಮಶ್ರಿಯ ಡಬ್ಬಿ ತೆಗೆದು, ಆ ಹುರಿದ ತಂಬಾಕಿನ ಪುಡಿಯನ್ನು ಬೆರಳಿಗೆ ಹಚ್ಚಿ ಹಲ್ಲಿಗೆ ತಿಕ್ಕುತ್ತ ಹೇಳಿದಳು.

“ಜಾಗಾ ಬಿಟ್ಟ ಮಾಂಸ ಸತ್ತ ಮಾಂಸ ತಂಗಿ. ಅದು ಮೊದಲು ತಣ್ಣಗಾಕ್ಕೈತಿ. ಆಮ್ಯಾಲೆ ಕಲ್ಲಾಕ್ಕೈತಿ. ಆಮ್ಯಾಲೆ ತನ್ನ ಕೂಡ ನಿನ್ನೂ ಕರೀತೈತಿ.”

ಸಾವಂತ್ರವ್ವನ ಕೈ ತಾನಾಗಿ ಸೆರಗಿನ ಒಳಗೆ ಗಂಟಿನ ಮೇಲೆ ಹೋಯಿತು. ತಣ್ಣಗಾಗಿತ್ತು. ಕಲ್ಲೂ ಆಗಿತ್ತು. ಇನ್ನು ಉಳಿದದ್ದು ಒಂದೇ.

ನೋಡಿ, ಆ ಗಂಟು ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕ್ಯಾನ್ಸರ್ ತಿರುಗಿ ಬಂದಿದ್ದರೆ ಸುಮ್ಮನೆ ಕೂತ ಒಂದೊಂದು ವಾರವೂ ಅವಳ ಆಯುಷ್ಯದಿಂದ ಕಳೆಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದವಾಖಾನೆಯ ಹೆಸರು ಎತ್ತಲಿಲ್ಲ. ಡಾಕ್ಟರು ನೋಡಿ ಹೌದು ಅಂದುಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ, ಲಿಂಗವೇ ಒಲ್ಲೆ ಅಂದ ಮೇಲೆ ಡಾಕ್ಟರು ಏನು ಮಾಡಿಯಾರು ಎಂಬ ಹೆದರಿಕೆ ಇನ್ನೊಂದು ಕಡೆ. ಬೆಳಗಾವಿಯಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ.

ಫೋನು ಮಾಡುತ್ತಿದ್ದವಳು ಫಕ್ರುನ್ನಿಸಾ. ದವಾಖಾನೆಯಲ್ಲಿ ಸಾವಂತ್ರವ್ವನ ಬಾಜು ಕಾಟಿನಲ್ಲಿದ್ದವಳು. ಅವಳಿಗೂ ಹೊಟ್ಟೆಯ ಮಾಂಸದಿಂದಲೇ ಮೊಲೆ ಕಟ್ಟಿದ್ದರು. ಸಾವಂತ್ರವ್ವನಿಗೆ ಮೊದಲ ಆಪರೇಷನ್ ಆದಾಗ ಅವಳು ಎರಡನೆಯದಕ್ಕೆ ಬಂದಿದ್ದಳು. ಅವಳ ಗಂಡ ಬಾಬಾಜಾನ ಆಟೋ ನಗರದಲ್ಲಿ ಗುದ್ದಿದ ಕಾರುಗಳ ಡೆಂಟು ತೆಗೆದು ಪೇಂಟು ಹೊಡೆಯುತ್ತಾನೆ. ಫೋನು ಎತ್ತದಿದ್ದಾಗ ಫಕ್ರುನ್ನಿಸಾ ಸಿಟ್ಟಾದಳು, ಆಮೇಲೆ ಹೆದರಿದಳು. ಸಂತೆಯ ದಿನ ಖಾನಾಪುರದ ಬಸ್ಸು ಹಿಡಿದು ನಂದಗಡಕ್ಕೆ ಬಂದೇಬಿಟ್ಟಳು.

“ಬರ್ರಿ, ಕುಂದರ್ರಿ,” ಅಂದರು ಶಿವಬಸವ್ವ. ಆದರೆ ಮುಖ ಅರಳಲಿಲ್ಲ.

“ಕುಂದರಾಕ ಬಂದಿಲ್ಲ ಅಮ್ಮಾ. ಇಕಿನ್ನ ನೋಡಾಕ ಬಂದೀನಿ. ದೀಪಾವಳಿ ಹೋಗಿ ಎಷ್ಟ ದಿನಾತು? ಡಾಕ್ಟರಬಾಯಿ ಕೇಳಾಕತ್ತಾರ, ನಂದಗಡದವರು ಯಾಕ ಬರಲಿಲ್ಲ ಅಂತ.”

“ಇನ್ನೊಮ್ಮಿ ಕೊಯ್ಯಸೂದು ನಮಗ ಬ್ಯಾಡ್ರಿ,” ಅಂದರು ಶಿವಬಸವ್ವ. “ಮೊದಲನೇದ ಕೆಟ್ಟೈತಿ. ಅದಕ್ಕ ಎರಡನೇದು ಅಂತಾರ.”

“ಕೆಟ್ಟಿಲ್ಲಮ್ಮಾ. ಎರಡನೇದು ಇರೂದ ಹಂಗ. ನಮ್ಮವರು ಕಾರಿನ ಡೆಂಟ್ ತಗದ ದಿನಾನ ಗಾಡಿ ಕೊಡ್ತಾರೇನು? ಪುಟ್ಟಿ ಹಚ್ಚಬೇಕು, ತಿಕ್ಕಬೇಕು, ಕುಳಿ ಎಲ್ಲೆ ಉಳದೈತಿ ನೋಡಬೇಕು. ಮೈ ಅಂತೂ ತಗಡಿನ ಪತ್ರಾ ಅಲ್ಲ. ಬಾವು ಇಳಿಯೂಮಟಾ ಖರೇ ಆಕಾರ ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ತಿಂಗಳಗಟ್ಲೆ ಕಾಯಸ್ತಾರ.”

ಶಿವಬಸವ್ವ ಬಾಗಿಲು ಮುಂದಕ್ಕೆ ತಳ್ಳಿದರು. ಆಮೇಲೆ ಸೊಸೆಯ ಸೆರಗು ಸರಿಸಿ ಗುರುತು ತೋರಿಸಿದರು. ಅದು ಈಗ ಕಪ್ಪಾಗಿ ನಡುವೆ ಹಸಿಯಾಗಿತ್ತು. ಕರಡಿಗೆಯನ್ನು ಮತ್ತೆ ಅದರ ಮೇಲೆ ಹಿಡಿದು ತೋರಿಸಿದರು.

“ಇದಕ್ಕ ಏನಂತೀರಿ?”

ಫಕ್ರುನ್ನಿಸಾ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ಶಾಖಾ ಯಾರ ಕೊಟ್ರಿ?”

“ನಾನ ಕೊಟ್ಟೆ. ಉಪ್ಪಿನ ಗಂಟಿಂದ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಗಂಟು ಇಷ್ಟ ದೊಡ್ಡದಿತ್ತು, ಗುರುತು ಇಷ್ಟ ಸಣ್ಣದೈತಿ. ಮ್ಯಾಲೆ ಸುಟ್ಟಿದ್ರ ಇಕಿ ಒದರತಿದ್ದಿಲ್ಲೇನು? ಹೊಟ್ಟಿ ಮ್ಯಾಲೆ ಇಟ್ಟಾಗ ಒದರಿದ್ಲಲ್ಲ.”

“ಸಾವಂತ್ರವ್ವಾ, ಕಣ್ಣು ಮುಚ್ಚು,” ಅಂದಳು ಫಕ್ರುನ್ನಿಸಾ. “ಅಮ್ಮಾ, ನೀವ ಬರ್ರಿ. ಗಾಯಾ ಬಿಟ್ಟು ಈ ಕಡೆ ಚಿವುಟ್ರಿ.”

ಶಿವಬಸವ್ವ ಹಿಂದೆಮುಂದೆ ನೋಡಿದರು. ಆಮೇಲೆ ಬಂದು ಮೆಲ್ಲಗೆ ಚಿವುಟಿದರು. ಸಾವಂತ್ರವ್ವ ಕಣ್ಣು ಮುಚ್ಚಿ ಕೂತೇ ಇದ್ದಳು. ಇನ್ನೊಮ್ಮೆ, ಉಗುರು ಹತ್ತಿ, ಜೋರಾಗಿ ಚಿವುಟಿದರು. ಚರ್ಮ ಬೆಳ್ಳಗಾಗಿ ಕೆಂಪಾಯಿತು.

“ಯಾವಾಗ ಮುಟ್ಟತೀರಿ?” ಅಂದಳು ಸಾವಂತ್ರವ್ವ, ಕಣ್ಣು ಮುಚ್ಚಿಕೊಂಡೇ.

ಶಿವಬಸವ್ವ ಕೈ ಹಿಂದಕ್ಕೆ ತೆಗೆದರು. ಸಂತೆಯಿಂದ ಮರಳುವವರ ಮಾತು ಹೊರಗೆ ಕೇಳುತ್ತಿತ್ತು.

“ಮಾಂಸ ತಂದು ಹಚ್ಚತಾರ. ರಕ್ತದ ನಾಳಾ ಜೋಡಸ್ತಾರ. ಆದ್ರ ತ್ರಾಸು ಹೇಳೂ ನರಾ ಕಡದಿರ್ತಾವು,” ಅಂದಳು ಫಕ್ರುನ್ನಿಸಾ. “ಒಬ್ಬೊಬ್ಬರಿಗೆ ಸ್ವಲ್ಪ ತಿರುಗಿ ಬರ್ತೈತಿ, ಒಬ್ಬೊಬ್ಬರಿಗೆ ಬರೂದ ಇಲ್ಲ. ಬಿಸಿ ಗೊತ್ತಾಗಂಗಿಲ್ಲ. ಅರಿವಿ ಗಂಟಿನ ಕಾವು ಚರ್ಮಾ ಕೆಂಪು ಮಾಡಿ ಬಿಟ್ಟೈತಿ. ಗಂಟಿನ ಬುಡಕ ಸಿಕ್ಕಿದ್ದ ಬೆಳ್ಳಿ ಕರಡಿಗಿ ಆ ಕಾವು ಹಿಡಕೊಂಡು ಅಲ್ಲೇ ಕುಂತೈತಿ. ನಾನೂ ಹಿಂಗ ಸುಟ್ಟಕೊಂಡೀನಿ. ಬಿರ್ಯಾನಿ ದೇಗಿನ ಮ್ಯಾಲೆ ಬಗ್ಗಿ ನಿಂತಿದ್ದೆ. ನಮ್ಮ ಮಗಳು ಕೈನಾತ ಚೀರಿದ ಮ್ಯಾಲೆ ಗೊತ್ತಾತು.” ಅವಳು ತನ್ನ ಬುರ್ಖಾದ ಗುಂಡಿ ಬಿಚ್ಚಿ ಹಳೆಯ ಕಲೆ ತೋರಿಸಿದಳು.

ಶಿವಬಸವ್ವ ಸೊಸೆಯ ಎದುರು ಕೂತರು. “ಅಂದ್ರ ಆ ಸುಟ್ಟ ವಾಸ್ನಿ,” ಅಂದರು. ಒಲೆ ನೋಡಿದ್ದರು, ದೀಪ ನೋಡಿದ್ದರು. ವಾಸನೆ ಬರುತ್ತಿದ್ದದ್ದು ಸೊಸೆಯ ಮೈಯಿಂದ, ಸುಟ್ಟದ್ದು ತಾವೇ. ಅವರು ಸೊಸೆಯ ಎರಡೂ ಕೈ ಹಿಡಿದು ಗಟ್ಟಿಯಾಗಿ ಅತ್ತರು.

“ಯವ್ವಾ, ನಾ ಸುಟ್ಟು ಲಿಂಗದ ಮ್ಯಾಲೆ ಹಾಕಿದ್ನಲ್ಲ. ಲಿಂಗವಂತರ ಮೈಗೆ ಸೂತಕ ಇಲ್ಲಂತ ನಾನ ಮಂದಿಗೆ ಹೇಳಾಕಿ. ಹೊಕ್ಕಳದ ಕೆಳಗ, ಮ್ಯಾಲೆ ಅಂತ ಎಣಸಿದೆ. ಬುದ್ಧಿ ಎಲ್ಲೆ ಇಟ್ಟಿದ್ದೆ?”

ಆಗ ಸಾವಂತ್ರವ್ವ ಬಾಯಿ ಬಿಟ್ಟಳು. “ಅತ್ತಿ, ಇನ್ನೂ ಒಂದ ಐತ್ರಿ. ಗಂಟು ಆಗೈತಿ.”

ಫಕ್ರುನ್ನಿಸಾ ಮುಟ್ಟಿ ನೋಡಿದಳು. ಮುಖ ಗಂಭೀರವಾಯಿತು. “ಎಷ್ಟ ದಿನಾತು?”

“ಚಳಿ ಬಿದ್ದಾಗಿಂದ.”

“ನನಗೂ ಒಂದು ಗಂಟಾಗಿತ್ತು. ಕೊಬ್ಬು ಗಟ್ಟಿಯಾಗೈತಿ, ಚಿಂತಿ ಬ್ಯಾಡ ಅಂದ್ರು. ಆದ್ರ ಅದು ನಂದು. ನಿಂದು ಏನಂತ ನಾ ಹೇಳಾಕ ಬರಂಗಿಲ್ಲ. ಓಣಿ ಮಂದಿಗೂ ಬರಂಗಿಲ್ಲ. ಮಶೀನಿನಾಗ ನೋಡಬೇಕು, ಬೇಕಾದ್ರ ಸೂಜಿ ಚುಚ್ಚಿ ತಗದು ನೋಡಬೇಕು. ನಾಳೇನ ದವಾಖಾನಿಗೆ ಬಾ.”

ಮರುದಿನ ಅತ್ತೆ, ಸೊಸೆ, ಚನ್ನಬಸಯ್ಯ ಮೂವರೂ ಬೆಳಗಾವಿಗೆ ಹೋದರು. ಚನ್ನಬಸಯ್ಯ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಹಿಂದಿನ ರಾತ್ರಿ ಅವ್ವ ಅವನಿಗೆ ಏನು ಹೇಳಿದ್ದರೋ, ಈ ಸಲ ‘ನಿನಗ ಹ್ಯಾಂಗ ಅನಸ್ತೈತಿ’ ಅನ್ನಲಿಲ್ಲ. ದವಾಖಾನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸರ್ಜರಿ ಎಂಬ ಬೋರ್ಡು ನೋಡಿ ಶಿವಬಸವ್ವ ಮಾತ್ರ ಒಮ್ಮೆ ನಿಂತರು. ಒಳಗೆ ಪ್ಲಾಸ್ಟಿಕ್ ತುಂಬುತ್ತಾರೇನೋ ಎಂದು ಮಗನನ್ನು ಕೇಳಿದರು. ಅದು ಬರೀ ಆ ವಿದ್ಯೆಯ ಹೆಸರು ಎಂದು ನರ್ಸ್ ನಕ್ಕು ಒಳಗೆ ಕರೆದಳು.

ಡಾಕ್ಟರಬಾಯಿ ಬೈಯಲಿಲ್ಲ. ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಗಂಟನ್ನು ಸುತ್ತಲೂ ಒತ್ತಿ ನೋಡಿದರು.

“ಇದು ಏನೂ ಅಲ್ಲ ಅಂತ ಬರೇ ಕೈಲೆ ಮುಟ್ಟಿ ಹೇಳಿದ್ರ ನಾ ಡಾಕ್ಟರ್ ಅಲ್ಲ,” ಅಂದರು. “ಸ್ಕ್ಯಾನ್ ಮಾಡೂಣು. ಸೂಜಿಲೆ ಒಂದು ಚೂರು ತಗದು ತಪಾಸಣಿಗೆ ಕಳಸೂಣು. ಹೊಸಾ ಗಂಟು ಕಂಡ್ರ ಯಾವಾಗಲೂ ಹಿಂಗ. ತಾರೀಖು ಬರಲಿ ಅಂತ ಕಾಯಬಾರದು.”

ಸೂಜಿ ಚರ್ಮದೊಳಗೆ ಹೋಗುವುದನ್ನು ಸಾವಂತ್ರವ್ವ ಕಣ್ಣಾರೆ ನೋಡಿದಳು. ಅವಳಿಗೆ ನೋವಾಗಲಿಲ್ಲ. ತನ್ನನ್ನೇ ಚುಚ್ಚುವುದನ್ನು ಕಿಟಕಿಯಿಂದ ನಿಂತು ನೋಡಿದಂತೆ ಅನಿಸಿತು. ನೋವಾಗದಿರುವುದೇ ಅವಳಿಗೆ ನೋವಿಗಿಂತ ಹೆಚ್ಚು ಭಯ ತಂದಿತು.

ಆಗ ಕೂಸು ಅತ್ತ ಮಧ್ಯಾಹ್ನದ್ದನ್ನೂ ಹೇಳಿಕೊಂಡಳು. ನಗುತ್ತಾರೆ ಅಂದುಕೊಂಡಿದ್ದಳು. ಡಾಕ್ಟರಬಾಯಿ ನಗಲಿಲ್ಲ.

“ಭಾಳ ಮಂದಿಗೆ ಆಗ್ತೈತಿ, ಹೇಳಂಗಿಲ್ಲ ಅಷ್ಟ. ಇದ್ದ ಅಂಗಾ ಹೋದ್ರೂ ಅದರ ಸುದ್ದಿ ತರತಿದ್ದ ನರಾ ಮ್ಯಾಲೆ ಉಳದಿರ್ತಾವು. ಮಿದುಳಿಗೆ ಹಳೇ ಸುದ್ದಿ ಹೇಳ್ತಾವು. ಒಮ್ಮೊಮ್ಮಿ ತುರಸ್ತೈತಿ, ಒಮ್ಮೊಮ್ಮಿ ಹಾಲು ಇಳದಂಗ ಆಗ್ತೈತಿ. ದೆವ್ವ ಅಲ್ಲ. ಭಾಳ ಕಾಡಿದ್ರ ಬಂದು ಹೇಳು, ಔಷಧ ಐತಿ.”

“ಮತ್ತ ಬೆಳಿತೈತಲ್ರಿ ಅದು? ತಣ್ಣಗಿರ್ತೈತಿ?”

“ಹೊಟ್ಟಿ ಕೊಬ್ಬ ಐತಲ್ಲ ಅದು, ಮೈ ಬಂದ್ರ ಹೊಟ್ಟಿ ಬಂದಂಗ ಅದೂ ಬರ್ತೈತಿ. ತಣ್ಣಗ ಹತ್ತೂದೂ ಇರೂದ. ಅಷ್ಟಕ್ಕ ಸತ್ತೈತಿ ಅಂತಲ್ಲ. ಸತ್ತಿದ್ರ ಇಷ್ಟ ದಿನಾ ಮೈ ಮ್ಯಾಲೆ ನಿಲ್ಲತಿದ್ದಿಲ್ಲ.”

ರಿಪೋರ್ಟು ಬರುವವರೆಗೆ ಆ ಮನೆಯವರು ಹೇಗೆ ಕಳೆದರೆಂದು ಕೇಳಬೇಡಿ. ಶಿವಬಸವ್ವ ಎರಡು ಹೊತ್ತು ಪೂಜೆಯಲ್ಲಿ ಕೂತರು. ಬಾಗಿಲಲ್ಲಿ ಸಪ್ಪಳವಾದರೆ ಮೂವರೂ ತಲೆ ಎತ್ತುತ್ತಿದ್ದರು, ಅಲ್ಲಿ ಮಾತ್ರ ಯಾರೂ ನಿಂತಿರುತ್ತಿರಲಿಲ್ಲ. ಸಾವಂತ್ರವ್ವ ಗಂಟಿನ ಮೇಲೆ ಕೈ ಇಟ್ಟುಕೊಂಡು ಮಗಳ ಜಡೆ ಹೆಣೆಯಲು ಮರೆತು ಕೂರುತ್ತಿದ್ದಳು.

ಕೊನೆಗೆ ಡಾಕ್ಟರಬಾಯಿ ಕರೆಸಿ ಹೇಳಿದರು. “ಕ್ಯಾನ್ಸರ್ ಅಲ್ಲ. ಹೊಟ್ಟಿಯಿಂದ ತಂದ ಕೊಬ್ಬಿನಾಗ ಒಂದು ಸಣ್ಣ ಚೂರಿಗೆ ರಕ್ತ ಸಾಲಲಿಲ್ಲ. ಅದು ಗಟ್ಟಿಯಾಗೈತಿ. ಹರಡಂಗಿಲ್ಲ.”

ಚನ್ನಬಸಯ್ಯ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ. ಕಾಡವ್ವ ಹೇಳಿದ್ದರಲ್ಲಿ ಬೀಜದಷ್ಟು ಖರೇ ಇತ್ತೆಂದು ಒಪ್ಪಬೇಕು. ಬೀಜದಷ್ಟು ಖರೇ ಇದ್ದ ಮಾತೇ ಊರನ್ನು ಹೆಚ್ಚು ಹೆದರಿಸುತ್ತದೆ.

“ಇನ್ನ ಎರಡನೇ ಆಪರೇಷನ್ ಮಾತು,” ಅಂದರು ಡಾಕ್ಟರಬಾಯಿ. “ಇದು ಕಡ್ಡಾಯ ಅಲ್ಲ. ಹಿಂಗ ಸಾಕು ಅನ್ನವರು ಅದಾರ, ಅದೂ ಸರಿ. ಬೇಕಂದ್ರ ಗಂಟು ತಗದು, ತೊಡಿಯಿಂದ ಸ್ವಲ್ಪ ಕೊಬ್ಬು ಎಳದು ಮ್ಯಾಲಿನ ಕುಳಿ ತುಂಬತೀನಿ. ಹೊಟ್ಟಿ ಗಾಯದ ತುದಿಗೆ ಉಬ್ಬೈತಲ್ಲ, ಅದನ್ನೂ ಸರಿ ಮಾಡತೀನಿ. ಮೊದಲಿನಷ್ಟ ದೊಡ್ಡದಲ್ಲ. ತುಂಬಿದ ಕೊಬ್ಬು ಸ್ವಲ್ಪ ಕರಗತೈತಿ, ಇನ್ನೊಮ್ಮಿ ತುಂಬಬೇಕಾಗಬಹುದು. ಸುಳ್ಳು ಹೇಳಂಗಿಲ್ಲ ನಾ. ಎರಡೂ ಕಡೆ ಅಚ್ಚು ಒತ್ತಿದಂಗ ಆಗಂಗಿಲ್ಲ, ಹತ್ತಿರ ಬರ್ತೈತಿ.”

ಶಿವಬಸವ್ವ ಸೊಸೆಯ ಕಡೆ ನೋಡಿದರು, ಬಾಯಿ ಹಾಕಲಿಲ್ಲ. ಅದು ಅವರಿಗೆ ಸುಲಭದ ಕೆಲಸವಲ್ಲ.

“ನನಗ ಬೇಕ್ರಿ,” ಅಂದಳು ಸಾವಂತ್ರವ್ವ. “ಯಾರಿಗೂ ತೋರಸಾಕಲ್ಲ. ಜಳಕಾ ಮಾಡುವಾಗ ಕೆಳಗ ನೋಡಿದ್ರ ಇದು ನಂದು ಅಂತ ನನಗ ಅನಸಬೇಕು.”

ಸುಟ್ಟ ಗಾಯ ಪೂರ್ತಿ ಮಾಯುವವರೆಗೆ ಕತ್ತಿ ಮುಟ್ಟಿಸುವಂತಿರಲಿಲ್ಲ. ಒಂದು ಉಪ್ಪಿನ ಗಂಟಿನ ದೆಸೆಯಿಂದ ಆಪರೇಷನ್ ಸಂಕ್ರಾಂತಿಯ ಆಚೆಗೆ ಹೋಯಿತು. ಮಶ್ರಿ, ತಂಬಾಕು ಅಂದಿನಿಂದಲೇ ಬಿಡಬೇಕು ಎಂದರು, ತಂಬಾಕು ರಕ್ತದ ನಾಳ ಹಿಂಡಿ ಗಾಯ ಮಾಯಗೊಡುವುದಿಲ್ಲವಂತೆ. ಊರ ಹೆಂಗಸರಂತೆ ಅತ್ತೆ ಸೊಸೆ ಇಬ್ಬರೂ ಮಶ್ರಿ ತಿಕ್ಕುವವರೇ. ಸೊಸೆ ಬಿಟ್ಟಳು. ಜೊತೆಗೆ ಅತ್ತೆಯೂ ಬಿಟ್ಟರು, ಮೊದಲ ವಾರ ಮನೆಯಲ್ಲಿ ಯಾರೂ ಅವರ ಎದುರು ನಿಲ್ಲುವಂತಿರಲಿಲ್ಲ.

ಆಪರೇಷನ್ನಿನ ದಿನ ಮೈ ಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದು ನರ್ಸ್ ಹೇಳಿದಳು. ಶಿವಬಸವ್ವ ತಾವೇ ಸೊಸೆಯ ಕೊರಳಿನ ಶಿವದಾರ ಬಿಚ್ಚಿ, ಅವಳ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಅವಳು ಹೊರಗೆ ಬರುವವರೆಗೂ ಕೂತಲ್ಲಿಂದ ಏಳಲಿಲ್ಲ. ಎಲ್ಲಾ ಸರಿಯಾಯಿತು ಎಂದು ಡಾಕ್ಟರಬಾಯಿ ಬಂದು ಹೇಳಿದಾಗಲೂ ಮುಷ್ಟಿ ಬಿಚ್ಚಲಿಲ್ಲ. ಸಾವಂತ್ರವ್ವ ಬೇಗನೆ ಮನೆಗೆ ಬಂದಳು. ಬಾವು ಇಳಿದ ಮೇಲೆ ಕುಳಿ ತುಂಬಿತ್ತು, ಗಂಟು ಇರಲಿಲ್ಲ. ಎಡಬಲ ಒಂದೇ ಸಮ ಅಲ್ಲ, ಆದರೆ ಕನ್ನಡಿಯಲ್ಲಿ ಕಂಡವಳು ಅವಳೇ.

ಮುಂದಿನ ತಪಾಸಣೆಗೆ ಹೋದಾಗ ಅವಳು ಕೇಳಿದಳು, “ಇದಕ್ಕ ಗೊತ್ತಾಗೂದು ಯಾವಾಗ ಬರ್ತೈತ್ರಿ?”

“ಬರದನೂ ಇರಬಹುದು,” ಅಂದರು ಡಾಕ್ಟರಬಾಯಿ. “ಅದರ ಬದಲಿ ನೀವ ನೋಡ್ಕೋಬೇಕು.”

ಮನೆಗೆ ಬರುವ ದಾರಿಯಲ್ಲಿ ಸಾವಂತ್ರವ್ವ ಸಪ್ಪಗಿದ್ದಳು. ಬಸ್ಸಿನ ಕಿಟಕಿಯಿಂದ ಎಡಗಡೆ ಬಿಸಿಲು ಬೀಳುತ್ತಿತ್ತು, ಅವಳಿಗೆ ಅದು ತಿಳಿಯಲಿಲ್ಲ. ಶಿವಬಸವ್ವ ಕೈ ಚಾಚಿ ಪರದೆ ಎಳೆದರು. ಸೊಸೆಯ ಸೆರಗನ್ನು ಆ ಕಡೆಗೆ ದಪ್ಪಗೆ ಮಡಚಿ ಹೊದಿಸಿದರು.

“ಇದು ಮಾತು ಬರಲಾರದ ಕೂಸು ಅಂತ ತಿಳ್ಕೊ,” ಅಂದರು. “ಕೂಸು ಸುಟ್ರ ಅಳತೈತಿ. ಇದಕ್ಕ ಅಳಾಕೂ ಬರಂಗಿಲ್ಲ. ಹಂಗಂತ ಯಾರಾದ್ರೂ ಕೂಸಿಗೆ ದೆವ್ವ ಅಂತಾರೇನು? ನಾ ದಿನಾ ನೋಡತೀನಿ ತಂಗಿ. ನೀನೂ ನೋಡು.”

ಅಕ್ಕತಂಗಿಯರೇ, ಮೊಲೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ನಿಮ್ಮ ಮೈಯ ಮಾಂಸದಿಂದಲೇ ಮೊಲೆ ಕಟ್ಟಿಸಿಕೊಂಡಿದ್ದರೆ, ಮೊದಲ ಆಪರೇಷನ್ನಿಗೇ ಎಲ್ಲಾ ಮುಗಿಯದಿರಬಹುದು. ಕುಳಿ, ಉಬ್ಬು, ಗಾಯದ ಅಂಚು ಸರಿಪಡಿಸಲು ಇನ್ನೊಂದು ಸಣ್ಣ ಆಪರೇಷನ್ ಬೇಕಾಗುವುದು ಸಾಮಾನ್ಯ. ಅದು ಬೇಕೋ ಬೇಡವೋ ಹೇಳುವವರು ನೀವು, ಯಾವಾಗ ಎಂದು ಹೇಳುವವರು ಡಾಕ್ಟರು. ಗಂಟಿನ ಮಾತು ಬೇರೆ. ಹೊಸ ಗಂಟು, ಹುಣ್ಣು, ಬಣ್ಣ ಬದಲಾದದ್ದು ಕಂಡರೆ ಆ ವಾರವೇ ತೋರಿಸಿ, ಯಾರ ಮಾತಿಗೂ ಕಾಯಬೇಡಿ. ಕಟ್ಟಿದ ಎದೆಯ ಮೇಲೆ ಶಾಖ ಬೇಡ, ಬಿಸಿನೀರಿನ ಚೀಲ ಬೇಡ, ಒಲೆಯ ಮುಂದೆ ಬಗ್ಗುವಾಗ, ಉರಿಬಿಸಿಲಲ್ಲಿ ನಡೆಯುವಾಗ ಅದನ್ನು ಮುಚ್ಚಿಕೊಳ್ಳಿ.

ಅತ್ತೆಯಂದಿರೇ, ಗಂಡಂದಿರೇ, ನಿಮ್ಮ ಮನೆಯಲ್ಲಿ ಇಂಥ ಹೆಣ್ಣುಮಗಳು ಸುಮ್ಮನೆ ಕೂತಿದ್ದರೆ ಹಿತವಾಗಿದ್ದಾಳೆ ಎಂದು ತಿಳಿಯಬೇಡಿ. ಹತ್ತಿರ ಕೂತು, ಬಾಗಿಲು ಮುಚ್ಚಿ, ಕೇಳಿ.